ಅಜ್ಜಿ ನನಗೆ ‘ಒಡೇರೆ’ ಅಂದಳು

ಶಾಲೆ ಬಿಟ್ಟು ಬಂದವನು ಚಪ್ಪಲಿ ಕಳಚಿ ಒಳಗೆ ಕಾಲಿಟ್ಟೆ. ಮಂಚದ ಮೇಲೆ ಕೂತಿದ್ದ ಅಜ್ಜಿ ನನ್ನನ್ನು ಕಂಡವಳೇ ಗಡಬಡಿಸಿ ಕೆಳಗಿಳಿಯಲು ಹೊರಟಳು. ಬೀಳುತ್ತಾಳೆ ಅಂತ ಹಿಡಿಯಲು ಹೋದೆ. ಮೈಯೆಲ್ಲ ಮುದುಡಿಕೊಂಡು ಹಿಂದೆ ಸರಿದಳು. “ಮುಟ್‌ಬ್ಯಾಡಿ ಒಡೇರೆ, ಮುಟ್‌ಬ್ಯಾಡಿ” ಅಂದಳು. ಆಮೇಲೆ ನೆಲಕ್ಕೆ ಕೂತು, ಕುತ್ತಿಗೆ ಬಗ್ಗಿಸಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಕಾದಳು. ಏನನ್ನು ಕಾದಳು? ನನ್ನ ಅಪ್ಪಣೆಯನ್ನು.

ಗೆಳೆಯರೇ, ಮೂವತ್ತು ವರ್ಷ ನಾನು ಸಭೆಗಳಲ್ಲಿ ಮಾತಾಡಿದ್ದೇನೆ. ಅಂಕೋಲೆಯಲ್ಲಿ, ಕಾರವಾರದಲ್ಲಿ, ಮಳೆ ಸುರಿಯುವ ಹಳ್ಳಿ ಶಾಲೆಗಳ ಜಗಲಿಯಲ್ಲಿ. ಜಾತಿ ಅಂದ್ರೆ ಏನು, ಅದು ಎಲ್ಲಿಂದ ಬಂತು, ಹೇಗೆ ಹೋಗಬೇಕು ಅಂತ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಆವತ್ತು ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು, ಕನ್ನಡಕ ಹಾಕಿಕೊಂಡು ನನ್ನದೇ ಮನೆಯ ನಡುಮನೆಯಲ್ಲಿ ಒಡೆಯನಾಗಿ ನಿಂತಿದ್ದೆ. ನನ್ನನ್ನು ಎತ್ತಿ ಆಡಿಸಿದವಳು ನನ್ನೆದುರು ನೆಲದಲ್ಲಿ ಕೂತಿದ್ದಳು. ನನಗೆ ಗಂಟಲು ಕಟ್ಟಿತು ಅಂತ ಬರೆದರೆ ಸುಲಭವಾಗುತ್ತದೆ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಿಟ್ಟು. ಅವಳ ಮೇಲೆ.

ಮುದುಕರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರೆಹ ನೀವೂ ಓದಿರುತ್ತೀರಿ. ಕೂಡುಕುಟುಂಬ ಒಡೆಯಿತು, ಸಂಬಂಧ ಹಳಸಿತು, ಅಜ್ಜಿಯ ಮಡಿಲಲ್ಲಿ ಕತೆ ಕೇಳುವ ಭಾಗ್ಯ ಮಕ್ಕಳಿಗೆ ಇಲ್ಲವಾಯಿತು. ಇರಲಿ. ಯಾರ ಅಜ್ಜಿ ಅದು? ನನ್ನ ಅಜ್ಜಿಗೆ ಕತೆ ಹೇಳುವ ಪುರುಸೊತ್ತು ಇರಲಿಲ್ಲ. ನಾವು ಆಗೇರರು. ಉಪ್ಪಿನ ಆಗರದಿಂದ ಬಂದ ಹೆಸರು ಅಂತ ಹೇಳುತ್ತಾರೆ. ಅಜ್ಜಿ ಚಳಿ ಮುಗಿಯುವ ಹೊತ್ತಿಗೆ ಮಂಜಗುಣಿಯಲ್ಲಿ ದೋಣಿ ಹತ್ತಿ ಗಂಗಾವಳಿ ದಾಟಿ ಸಾಣಿಕಟ್ಟಾಕ್ಕೆ ಉಪ್ಪಿನ ಕೆಲಸಕ್ಕೆ ಹೋದರೆ ಮಳೆ ಹನಿಯುವವರೆಗೆ ಅಲ್ಲೇ. ಭರತದ ನೀರನ್ನು ತೂಬಿನಿಂದ ಒಳಬಿಟ್ಟು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹರಿಸಿ, ಬಿಸಿಲಿಗೆ ಖಾರವಾಗಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿಸಬೇಕು. ಅದಕ್ಕೂ ಮೊದಲು ಆ ಪಾತಿಯ ಜೇಡಿಮಣ್ಣನ್ನು ಕಾಲಿನಿಂದ ತುಳಿತುಳಿದು ಸಿಮೆಂಟಿನ ಹಾಗೆ ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಉಪ್ಪಿಗೆ ಮಣ್ಣು ಹತ್ತುತ್ತದೆ. ಬಿಳಿ ಉಪ್ಪು ಬೇಕು ಅಂದರೆ ಯಾರದೋ ಅಂಗಾಲು ಸೀಳಬೇಕು. ಗುಜರಾತಿನ ಕಛ್ ರಣದಲ್ಲಿ ಉಪ್ಪು ತೆಗೆಯುವ ಅಗರಿಯಾ ಜನರ ಬಗ್ಗೆ ಒಂದು ಮಾತಿದೆ: ಚಿತೆಯಲ್ಲಿ ಮೈಯೆಲ್ಲ ಸುಟ್ಟರೂ ಪಾದ ಸುಡುವುದಿಲ್ಲವಂತೆ. ಅಜ್ಜಿಯ ಪಾದ ತೊಳೆದವರಿಗೆ ಅದು ಕಟ್ಟುಕತೆ ಅನ್ನಿಸುವುದಿಲ್ಲ.

ಅಜ್ಜಿ ಹುಟ್ಟಿದ್ದು ‘ಉಪ್ಪಿನ ಗಲಾಟೆ’ಯ ಆಜೂಬಾಜು. ಅಂದರೆ ೧೯೩೦. ಆ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಅಂತ ಕರೆದರು. ಆ ಹೋರಾಟವನ್ನು ನಾನು ಹಗುರ ಮಾಡುತ್ತಿಲ್ಲ. ಕರ ಕೊಡದೆ ಜೈಲಿಗೆ ಹೋದ ರೈತರು, ಜಪ್ತಿಯಾದ ಮನೆಗಳು, ಎಲ್ಲ ನಿಜ. ಆದರೆ ಒಂದು ಹಿಡಿ ಉಪ್ಪನ್ನು ಒಂದು ದಿನ ಎತ್ತಿದವರ ಹೆಸರು ಕಲ್ಲಿನ ಮೇಲಿದೆ. ಬುಟ್ಟಿಗಟ್ಟಲೆ ಉಪ್ಪನ್ನು ನಲವತ್ತು ವರ್ಷ ತಲೆಯ ಮೇಲೆ ಹೊತ್ತವಳ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸಲಿಲ್ಲ. ಗೆರೆಗಳು ಸವೆದು ಹೋಗಿದ್ದವು. ನಾಲ್ಕು ಸಲ ಒತ್ತಿಸಿದರು. ಐದನೇ ಸಲ ಅಂಗಡಿಯವ, ‘ಇವಳು ಇವಳೇ ಅಂತ ಮಿಶನ್ನು ಒಪ್ಪೂದಿಲ್ಲ ಮಾಸ್ತರ್ರೆ’ ಅಂದ. ಅಜ್ಜಿ ನಮ್ಮನ್ನು ಗುರುತಿಸದೆ ಹೋಗುವುದಕ್ಕೆ ಮೂರು ವರ್ಷ ಮೊದಲೇ ಸರಕಾರ ಅವಳನ್ನು ಗುರುತಿಸುವುದನ್ನು ಬಿಟ್ಟಿತ್ತು.

ಮರೆವಿನ ಕಾಯಿಲೆಗೆ ಒಂದು ಕ್ರಮ ಇದೆ. ಫ್ರಾನ್ಸಿನ ತೆಯೋದ್ಯೂಲ್ ರಿಬೊ ಅನ್ನುವವನು ೧೮೮೧ರಲ್ಲೇ ಅದನ್ನು ಬರೆದಿಟ್ಟ. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಹೋಗುತ್ತದೆ. ಜರ್ಮನಿಯ ಆಲ್ಜೈಮರ್ ಡಾಕ್ಟರು ತನ್ನ ರೋಗಿಯ ಬಗ್ಗೆ ಹೇಳಿದ್ದು ೧೯೦೬ರಲ್ಲಿ. ಆಕೆಗೆ ತನ್ನ ಹೆಸರನ್ನು ನೆಟ್ಟಗೆ ಬರೆಯಲೂ ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಇದನ್ನೆಲ್ಲ ಓದಿದಾಗ ವಿಜ್ಞಾನ ಅಂತ ತಲೆಯಾಡಿಸಿದೆ. ಮನೆಯಲ್ಲಿ ಅದು ನಡೆದಾಗ ಬೇರೆ ಅರ್ಥ ಬಂತು. ಹೊಸದು ಅಂದ್ರೆ ಏನು? ನಮ್ಮ ಕೇರಿಯ ಪಾಲಿಗೆ ಹೊಸದು ಅಂದರೆ ನನ್ನ ನೌಕರಿ. ಗ್ಯಾಸ್ ಒಲೆ. ಮಂಚ. ಗೋಡೆಯ ಮೇಲಿನ ಅಂಬೇಡ್ಕರ್ ಫೋಟೋ. ನನ್ನ ಮಗಳು ಇಂಜಿನಿಯರಿಂಗ್ ಓದುತ್ತಿರುವುದು. ಹಳೆಯದು ಅಂದರೆ ಉಪ್ಪು, ಹಸಿವು, ಒಡೇರ ಮನೆಯ ಹಿತ್ತಿಲು, ಮೇಲಿಂದ ಹೊಯ್ಯುವ ನೀರಿಗೆ ಒಡ್ಡಿದ ಬೊಗಸೆ. ನಾವು ಐವತ್ತು ವರ್ಷದಲ್ಲಿ ಗಳಿಸಿದ್ದೆಲ್ಲ ಮೇಲಿನ ಪದರ. ಮೊದಲು ಕಳಚಿದ್ದು ಅದೇ. ಕೆಳಗೆ ಒಡೇರು ಹಾಗೇ ಕೂತಿದ್ದರು.

ಇಂಗ್ಲೆಂಡಿನ ಜಾನ್ ಲಾಕ್ ಹದಿನೇಳನೇ ಶತಮಾನದಲ್ಲಿ, ಮನುಷ್ಯ ಮುಂದೆಯೂ ಅದೇ ಮನುಷ್ಯನಾಗಿ ಉಳಿಯುವುದು ಅವನ ನೆನಪಿನಿಂದ ಅಂತ ವಾದಿಸಿದ. ಹಾಗಾದರೆ ನನ್ನ ಅಜ್ಜಿ ಯಾರು? ಮೊಮ್ಮಗನನ್ನು ಮರೆತು ಒಡೆಯನನ್ನು ಮಾತ್ರ ನೆನಪಿಟ್ಟುಕೊಂಡವಳು? ಈ ತತ್ವವನ್ನು ಒಪ್ಪಿದರೆ, ಅವಳು ನಿಜವಾಗಿ ಯಾರಾಗಿದ್ದಳು ಅನ್ನುವುದನ್ನು ಕೊನೆಗೂ ಒಡೆಯನೇ ತೀರ್ಮಾನ ಮಾಡಿದ ಹಾಗಾಗುತ್ತದೆ. ನನಗದು ಬೇಡ. ಆದರೆ ‘ಬೇಡ’ ಅನ್ನುವುದು ವಾದ ಅಲ್ಲವಲ್ಲ.

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇನೆ.

ಅಜ್ಜಿಗೆ ರಕ್ತದೊತ್ತಡ ಇತ್ತು. ದಿನಕ್ಕೊಂದು ಗುಳಿಗೆ. ಅವ್ವ ಕೊಟ್ಟರೆ ಉಗಿಯುತ್ತಿದ್ದಳು, ವಿಷ ಹಾಕ್ತೀ ಅಂತ ಬಯ್ಯುತ್ತಿದ್ದಳು. ಒಂದು ಸಂಜೆ ನನಗೆ ತಾಳ್ಮೆ ತಪ್ಪಿ, ಬಾಗಿಲಲ್ಲಿ ನಿಂತೇ ದನಿ ಎತ್ತರಿಸಿ, “ಏ, ಬಾಯಿ ತೆಗಿ, ನುಂಗು” ಅಂದೆ. ಅಜ್ಜಿ ತಕ್ಷಣ ಬಾಯಿ ತೆಗೆದು ನುಂಗಿದಳು. “ಹೂಂ ಒಡೇರೆ” ಅಂದಳು. ಮರುದಿನ ಮತ್ತೆ ಹಾಗೇ ಮಾಡಿದೆ. ಎಂಟು ದಿನ ಮಾಡಿದೆ. ಸುಳ್ಳು ಹೇಳಬಾರದು, ಅದು ಬಹಳ ಸಲೀಸಾಗಿತ್ತು. ಅರ್ಧ ನಿಮಿಷದ ಕೆಲಸ. ನನ್ನ ಬಾಯಿಯಲ್ಲಿ ಆ ದನಿ ಅಷ್ಟು ಚೆನ್ನಾಗಿ ಎಲ್ಲಿಂದ ಬಂತು ಅಂತಲೂ ಆಗ ಯೋಚಿಸಲಿಲ್ಲ. ಕೇಳಿ ಕಲಿತದ್ದು, ಮತ್ತೆಲ್ಲಿಂದ?

ಒಂಬತ್ತನೇ ದಿನ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ಆ ದನಿ ಈ ಮನೀಲಿ ಬ್ಯಾಡ. ಆ ದನಿ ಕೇಳ್ಕಂಡೇ ಅವ್ಳ ಬಾಳು ಹೋಯ್ತು. ಗುಳಿಗೆ ಹೋದ್ರೆ ಹೋಗ್ಲಿ” ಅಂದಳು.

ನಾನು ಓದಿದವನು, ವಾದ ಮಾಡಿದೆ. ಗುಳಿಗೆ ತಪ್ಪಿದರೆ ಲಕ್ವ ಹೊಡೆಯುತ್ತದೆ. ಅಜ್ಜಿಗೆ ಐದು ನಿಮಿಷದ ಹಿಂದಿನದು ನೆನಪಿರುವುದಿಲ್ಲ, ಆಗುವ ಹೆದರಿಕೆಯೂ ಐದು ನಿಮಿಷದ್ದು. ಇದು ಅವಳ ಒಳ್ಳೆಯದಕ್ಕೇ. ಹಾಗೆ ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ‘ನಿಮ್ಮ ಒಳ್ಳೆಯದಕ್ಕೇ’ ಅಂತ ಒಡೇರು ಹೇಳದ ದಿನ ಯಾವುದಿತ್ತು? ಸಾಲ ಕೊಟ್ಟದ್ದು ಒಳ್ಳೆಯದಕ್ಕೆ, ಹುಡುಗನನ್ನು ಶಾಲೆ ಬಿಡಿಸಿ ದನ ಕಾಯಲು ಕರೆದದ್ದು ಒಳ್ಳೆಯದಕ್ಕೆ. ೧೯೭೪ರ ಭೂಸುಧಾರಣೆ ಬಂದಾಗ ಗೇಣಿದಾರರು ಫಾರ್ಮ್ ನಂಬರ್ ಏಳು ತುಂಬಿ ಭೂಮಿ ಪಡೆದರು. ಅದು ದೊಡ್ಡ ಬದಲಾವಣೆಯೇ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದ ನಮ್ಮಂಥವರಿಗೆ ತುಂಬಲು ಫಾರ್ಮೇ ಇರಲಿಲ್ಲ. ಆಗಲೂ ಒಬ್ಬರು, ‘ಭೂಮಿ ಇಲ್ಲದ್ದೇ ನಿಮಗೆ ಒಳ್ಳೇದು, ತಲೆಬಿಸಿ ಇಲ್ಲ’ ಅಂದಿದ್ದರಂತೆ. ಅಜ್ಜಿ ಇದನ್ನು ನಗುತ್ತಾ ಹೇಳುತ್ತಿದ್ದಳು, ನೆನಪಿದ್ದ ಕಾಲದಲ್ಲಿ.

ಆದರೂ ಅವ್ವನ ಮಾತು ಪೂರ್ತಿ ಸರಿ ಅಂತ ಆಗ ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿದ್ದೇನೆ ಅಂತ ಹೇಳಲಾರೆ. ಮಾನ ದೊಡ್ಡದೋ ಜೀವ ದೊಡ್ಡದೋ ಅಂತ ಭಾಷಣದಲ್ಲಿ ಕೇಳಿದರೆ ಚಪ್ಪಾಳೆ ಬೀಳುವ ಉತ್ತರ ಎಲ್ಲರಿಗೂ ಗೊತ್ತಿದೆ. ತೊಂಬತ್ತು ದಾಟಿದ ಮುದುಕಿಯ ಬಾಯೊಳಗಿನ ಗುಳಿಗೆಯ ಮುಂದೆ ಆ ಉತ್ತರ ಅಷ್ಟು ಬೇಗ ಬರುವುದಿಲ್ಲ.

ಅವ್ವ ಮಾಡಿದ್ದು ಇಷ್ಟು. ಗಂಜಿಯ ತಟ್ಟೆ ಹಿಡಿದು ನೆಲದಲ್ಲಿ ಅಜ್ಜಿಯ ಪಕ್ಕ ಕೂತುಕೊಳ್ಳುತ್ತಿದ್ದಳು. ಮೊದಲ ತುತ್ತು ತಾನು ತಿನ್ನುತ್ತಿದ್ದಳು, ವಿಷ ಇಲ್ಲ ಅಂತ ತೋರಿಸಲು. ಅಂಗಾಲಿನ ಬಿರುಕಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಜ್ಜಿ ಯಾವ ಹೆಸರಿನಿಂದ ಕರೆದರೂ ಆ ಹೆಸರಾಗಿ ಓಗೊಡುತ್ತಿದ್ದಳು. ಒಂದು ದಿನ ತಂಗಿ, ಒಂದು ದಿನ ಸಾಣಿಕಟ್ಟಾದ ಜೊತೆಗಾತಿ, ಒಂದು ದಿನ ಸತ್ತುಹೋದ ಅತ್ತೆ. ಇದೂ ಸುಳ್ಳೇ ಅಲ್ಲವಾ ಅಂತ ಕೇಳಿದೆ. “ಅವ್ಳಿಗೆ ಯಾರು ಬೇಕೋ ಅವ್ರಾಗ್ತೆ. ಅವ್ಳು ಹೆದರೂ ಜನ ಆಗೂದಿಲ್ಲ” ಅಂದಳು. ಇಷ್ಟು ವರ್ಷದ ಅಧ್ಯಯನ ಶಿಬಿರಗಳಲ್ಲಿ ಇದಕ್ಕಿಂತ ಚೊಕ್ಕ ವ್ಯತ್ಯಾಸವನ್ನು ನಾನು ಕೇಳಿರಲಿಲ್ಲ.

ಈ ಕ್ರಮದಲ್ಲಿ ಒಂದು ಗುಳಿಗೆಗೆ ಒಂದು ತಾಸು, ಒಮ್ಮೊಮ್ಮೆ ಎರಡು ತಾಸು. ಕೆಲವು ದಿನ ಎರಡು ತಾಸು ಕೂತರೂ ಇಲ್ಲ. ಅವ್ವ ಕೂಲಿ ಬಿಟ್ಟಳು. ನನ್ನ ಸಂಬಳ ಇದ್ದುದರಿಂದ ಬಿಟ್ಟಳು. ಪಕ್ಕದ ಮನೆಯಲ್ಲಿ ಸಂಬಳ ಇಲ್ಲ. ಅಲ್ಲಿಯ ಮುದುಕ ಹಗಲಿಡೀ ಒಬ್ಬನೇ ಬಾಗಿಲು ಹಾಕಿಕೊಂಡ ಮನೆಯೊಳಗೆ ಇರುತ್ತಿದ್ದ. ಅವರಿಗೆ ಪ್ರೀತಿ ಇರಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಸಂಬಂಧ ಉಳಿಸಿಕೊಳ್ಳಿ, ಸಮಯ ಕೊಡಿ ಅಂತ ಉಪದೇಶ ಮಾಡುವವರು ಸಮಯ ಯಾರ ಹತ್ತಿರ ಇದೆ, ಯಾರು ಅದನ್ನು ದಿನಗೂಲಿಗೆ ಮಾರಿಕೊಂಡಿದ್ದಾರೆ ಅಂತ ನೋಡುವುದಿಲ್ಲ. ತಂದೆತಾಯಿಯ ಪೋಷಣೆಗೆ ೨೦೦೭ರಲ್ಲಿ ಕಾಯ್ದೆ ಬಂತು. ನೋಡಿಕೊಳ್ಳುತ್ತೇನೆ ಅಂತ ಆಸ್ತಿ ಬರೆಸಿಕೊಂಡ ಮಗ ನೋಡಿಕೊಳ್ಳದಿದ್ದರೆ ಆಸ್ತಿ ವಾಪಸು ಪಡೆಯಬಹುದು. ಒಳ್ಳೆಯ ಕಾಯ್ದೆ. ಬರೆದುಕೊಡಲು ಆಸ್ತಿ ಇದ್ದವರಿಗೆ.

ಇನ್ನೊಂದು ಮಾತು, ನಮ್ಮ ಗೆಳೆಯರಿಗೆ ಹಿಡಿಸಲಿಕ್ಕಿಲ್ಲ. ಅಜ್ಜಿಯ ಹಾಸಿಗೆ ಬದಲಿಸಿದವಳು ಅವ್ವ. ಹೇಲು ಉಚ್ಚೆ ಬಳಿದವಳು ಅವ್ವ, ಅವ್ವನಿಗೆ ಆಗದಾಗ ನನ್ನ ಹೆಂಡತಿ. ನಾನು ಆಗ ಕಾರವಾರದಲ್ಲಿ ‘ಶ್ರಮ ಮತ್ತು ಘನತೆ’ ಅಂತ ವಿಚಾರ ಸಂಕಿರಣದಲ್ಲಿದ್ದೆ. ಶೀರ್ಷಿಕೆ ನಾನೇ ಇಟ್ಟದ್ದು.

ಬುದ್ಧನ ಒಂದು ಪ್ರಸಂಗ ವಿನಯಪಿಟಕದ ಮಹಾವಗ್ಗದಲ್ಲಿದೆ. ಬುದ್ಧ ಆನಂದನ ಜೊತೆ ಭಿಕ್ಷುಗಳ ವಸತಿ ನೋಡುತ್ತಾ ಹೋಗುವಾಗ ಒಬ್ಬ ಭಿಕ್ಷು ಬೇಧಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿರುತ್ತಾನೆ. ನಿನ್ನನ್ನು ಯಾಕೆ ಯಾರೂ ನೋಡಿಕೊಳ್ಳುತ್ತಿಲ್ಲ ಅಂತ ಬುದ್ಧ ಕೇಳುತ್ತಾನೆ. ನನ್ನಿಂದ ಅವರಿಗೇನೂ ಉಪಯೋಗ ಇಲ್ಲ, ಅದಕ್ಕೆ ಅಂತ ಆತ ಹೇಳುತ್ತಾನೆ. ಬುದ್ಧ ನೀರು ಹೊಯ್ಯುತ್ತಾನೆ, ಆನಂದ ತೊಳೆಯುತ್ತಾನೆ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಕರೆದು, ನಿಮಗೆ ಇಲ್ಲಿ ತಾಯಿಯೂ ಇಲ್ಲ ತಂದೆಯೂ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ಯಾರು ನೋಡಬೇಕು, ನನ್ನ ಸೇವೆ ಮಾಡುವವನು ರೋಗಿಯ ಸೇವೆ ಮಾಡಲಿ ಅನ್ನುವ ಅರ್ಥದ ಮಾತು ಹೇಳುತ್ತಾನೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಕರುಣೆ ಅಲ್ಲ, ಕೈ. ಹೊಲಸನ್ನು ಮುಟ್ಟುವುದಕ್ಕೆಂದೇ ಕೆಲವರನ್ನು ಹುಟ್ಟಿಸಿಟ್ಟ ನಾಡಿನಲ್ಲಿ ಗುರುವೇ ಕೈ ಹಾಕಿದ. ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಸಹೋದರತೆಗಳನ್ನು ತಾನು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದ ಅಲ್ಲ, ಬುದ್ಧನಿಂದ ಅಂತ ೧೯೫೪ರಲ್ಲಿ ಹೇಳಿದರು. ಆ ಮೂರನೆಯದಕ್ಕೆ ನಾವು ಕೊಟ್ಟ ಗಮನ ಕಡಿಮೆ.

ಮುಟ್ಟುವ ಮಾತು ಬಂತು. ನಮ್ಮ ಕೇರಿಯ ಒಬ್ಬಾಕೆ ಪೇಟೆಯ ಒಂದು ಮನೆಗೆ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲು ಹೋಗುತ್ತಿದ್ದಳು. ಮಕ್ಕಳು ಬೆಂಗಳೂರು, ಅಮೆರಿಕ. ಆ ಅಜ್ಜಿ ತನ್ನ ಕಾಲದಲ್ಲಿ ಕಟ್ಟಾ ಮಡಿಯವಳು. ಈಗ ಆಕೆಗೂ ನೆನಪಿಲ್ಲ. ನಮ್ಮವಳು ಸ್ನಾನ ಮಾಡಿಸುತ್ತಾಳೆ, ತಲೆ ಬಾಚುತ್ತಾಳೆ, ಉಣಿಸುತ್ತಾಳೆ. ಸಂಜೆ ಹೊರಡುವಾಗ ಆ ಅಜ್ಜಿ ಇವಳ ಕೈ ಬಿಡುವುದಿಲ್ಲವಂತೆ. ಮಡಿ ಮರೆತುಹೋಯಿತು, ಕೈ ಉಳಿಯಿತು. ಚೆಂದ ಇದೆ ಅಲ್ಲವಾ ಕತೆ? ಇಲ್ಲೇ ನಿಲ್ಲಿಸಿದರೆ ಕಣ್ಣೀರು ತರಿಸಬಹುದು. ಆದರೆ ಇವಳ ಚಾ ಲೋಟ ಹಿತ್ತಿಲ ಗೋಡೆಯ ಸಂದಿಯಲ್ಲಿ ಬೇರೆ ಇರುತ್ತಿತ್ತು. ಹಾಸಿಗೆಯಲ್ಲಿದ್ದ ಮೈ ಮುಟ್ಟಬಹುದು, ಅಡಿಗೆಮನೆ ಮುಟ್ಟಬಾರದು. ನೆನಪು ಚೆನ್ನಾಗಿದ್ದದ್ದು ಸೊಸೆಗೆ.

ಅವರ ಅಜ್ಜಿ ಮರೆತರೆ ಜಾತಿ ಬಿಡುತ್ತದೆ, ನಮ್ಮ ಅಜ್ಜಿ ಮರೆತರೆ ಜಾತಿ ಮೇಲೆ ಬರುತ್ತದೆ. ಯಾಕೆ ಹೀಗೆ ಅಂತ ಬಹಳ ದಿನ ಯೋಚಿಸಿದೆ. ಬಹುಶಃ ಅವರಿಗೆ ಮಡಿ ಅನ್ನುವುದು ದಿನಾ ಎಚ್ಚರದಿಂದ ಮಾಡಬೇಕಾದ ಕೆಲಸ. ಎಚ್ಚರ ತಪ್ಪಿದರೆ ಬಿದ್ದುಹೋಗುತ್ತದೆ. ನಮ್ಮವರಿಗೆ ಅದು ಹೆದರಿಕೆ, ಮೈಯೊಳಗೆ ಇಳಿದಿರುತ್ತದೆ, ನಡೆಯುವುದು ಈಜುವುದು ಮರೆಯದ ಹಾಗೆ. ಮನೋವೈದ್ಯರು ಬೇರೇನಾದರೂ ಹೇಳಿಯಾರು. ಎರಡು ಮನೆ ನೋಡಿ ನಾನು ಹೇಳುತ್ತಿದ್ದೇನೆ ಅಷ್ಟೇ.

ಸಂಜೆಯಾದರೆ ಅಜ್ಜಿಯದು ಒಂದೇ ಹಟ. “ನಾ ಮನೀಗೆ ಹೋಗ್ತೆ.” ಮರೆವಿನವರು ಎಲ್ಲೆಡೆ ಹೀಗೇ ಅನ್ನುತ್ತಾರಂತೆ, ತಮ್ಮ ಮನೆಯಲ್ಲಿ ಕೂತೇ ಮನೆಗೆ ಹೋಗಬೇಕು ಅನ್ನುತ್ತಾರಂತೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ ಅಂತ ಯಾರೋ ಸಲಹೆ ಕೊಟ್ಟರು. ಅಜ್ಜಿಯ ತವರು ಅರ್ಗಾದ ಹತ್ತಿರ. ೧೯೮೬ರಲ್ಲಿ ರಾಜೀವ್ ಗಾಂಧಿ ಅಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ ಅಂಕೋಲೆ ನಡುವಿನ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಎದ್ದು ಹೋದವು. ೨೦೦೫ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಅಜ್ಜಿಯ ಅಣ್ಣತಮ್ಮಂದಿರ ಮಕ್ಕಳು ಪುನರ್ವಸತಿ ಕೇಂದ್ರದ ಸಾಲುಮನೆಗಳಲ್ಲಿ ಚದುರಿಹೋದರು. ಹಾಗಿದ್ದೂ ಒಂದು ಆದಿತ್ಯವಾರ ರಿಕ್ಷಾದಲ್ಲಿ ಕೂರಿಸಿಕೊಂಡು ಹೆದ್ದಾರಿಗುಂಟ ಹೋದೆ. ಒಂದು ಕಡೆ ಉದ್ದಕ್ಕೂ ಗೋಡೆ, ಮೇಲೆ ತಂತಿ. ಅಜ್ಜಿ ಗೋಡೆ ನೋಡಿದಳು. ಅದರಾಚೆ ಕಾಣುವ ಗುಡ್ಡದ ನೆತ್ತಿಯನ್ನು ನೋಡಿದಳು. “ಇಲ್ಲೇ, ಇಲ್ಲೇ ಇಳಸು” ಅಂದಳು. ನನ್ನ ಹೆಸರು ಮರೆತವಳು ಗುಡ್ಡವನ್ನು ಮರೆತಿರಲಿಲ್ಲ. ಗೇಟಿನ ಕಾವಲಿನವ ಹಿಂದಿಯಲ್ಲಿ ಗುರುತಿನ ಚೀಟಿ ಕೇಳಿದ, ಗಾಡಿ ನಿಲ್ಲಿಸಬೇಡಿ ಅಂದ. ಅವನದು ತಪ್ಪಲ್ಲ, ಹುಡುಗ, ಎಲ್ಲಿಯ ಬಡವರ ಮಗನೋ. ಅಜ್ಜಿಗೆ ಮರೆವು ಬಂದಿದೆ ಅಂತ ಹೇಳುವುದು ಸುಲಭ. ಅವಳು ಕೇಳಿದ ಮನೆ ನಿಜವಾಗಿ ಇತ್ತು, ಅಲ್ಲೇ ಇತ್ತು. ಆ ವಿಷಯದಲ್ಲಿ ಅವಳ ತಲೆ ಸರಿಯಾಗೇ ಇತ್ತು.

ಇದೇ ತಾಲೂಕಿನ ಇಬ್ಬರು ಅಜ್ಜಿಯರನ್ನು ನಾಡೆಲ್ಲ ಬಲ್ಲದು. ಗಿಡ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ ೨೦೨೪ರ ಡಿಸೆಂಬರ್‌ನಲ್ಲಿ ಹೋದರು. ಹಾಡುಗಳ ಕಣಜವಾಗಿದ್ದ, ಸಾರಾಯಿ ವಿರುದ್ಧ ಹೆಂಗಸರನ್ನು ಎಬ್ಬಿಸಿದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ೨೦೨೫ರ ಫೆಬ್ರವರಿಯಲ್ಲಿ. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಸುಕ್ರಜ್ಜಿ ಹೋದಲ್ಲೆಲ್ಲ ಕೇಳುತ್ತಿದ್ದರು. ಅವರು ಕಣ್ಣು ಮುಚ್ಚುವವರೆಗೆ ಅದು ಆಗಲಿಲ್ಲ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಒಂದು ಬಗೆಯ ಸಂಬಂಧ. ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ ಬಗೆ.

ಅವ್ವ ಹೊಸ ಕ್ರಮ ಹಿಡಿದ ಮೇಲೆ ನಾನೂ ಶಾಲೆಯಿಂದ ಬಂದವನು ಹಿತ್ತಿಲಲ್ಲೇ ಪ್ಯಾಂಟು ಬಿಚ್ಚಿ ಲುಂಗಿ ಉಟ್ಟು, ಕನ್ನಡಕ ತೆಗೆದಿಟ್ಟು ಒಳಗೆ ಬರತೊಡಗಿದೆ. ನೆಲದಲ್ಲಿ ಕೂರುತ್ತಿದ್ದೆ. ಅಜ್ಜಿ ಮುದುಡುವುದು ನಿಂತಿತು. ನಾನು ಯಾರು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ, ಆದರೆ ಒಡೆಯ ಅಲ್ಲ ಅಂತ ತಿಳಿಯಿತು. “ಉಂಡ್ಯಾ?” ಅಂತ ಕೇಳುತ್ತಿದ್ದಳು. ಇಲ್ಲ ಅಂದರೆ ತನ್ನ ಗಂಜಿಯ ತಟ್ಟೆಯನ್ನು ಇತ್ತ ತಳ್ಳುತ್ತಿದ್ದಳು. ಹೆಸರು, ಕೇರಿ, ಯಾರ ಮಗ ಏನೂ ಕೇಳದೆ.

ಆ ಮಳೆಗಾಲದಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋಯಿತು. ಗುಳಿಗೆ ತಪ್ಪಿದ್ದಕ್ಕೇ ಹೀಗಾಯಿತೋ ಅಂತ ಡಾಕ್ಟರನ್ನು ಕೇಳಿದೆ. ಈ ವಯಸ್ಸಿನಲ್ಲಿ ಗುಳಿಗೆ ತೆಗೆದುಕೊಂಡವರಿಗೂ ಆಗುತ್ತದೆ, ಹೇಳಲಿಕ್ಕೆ ಬರುವುದಿಲ್ಲ ಅಂದರು. ಮನೆಗೆ ಬಂದು ನಾನು ಅವ್ವನಿಗೆ ಒಂದು ಮಾತು ಅಂದೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅವ್ವ ಏನೂ ಹೇಳದೆ ಎಣ್ಣೆ ಬಟ್ಟಲು ತಂದು ಅಜ್ಜಿಯ ಕಾಲಬುಡದಲ್ಲಿ ಕೂತಳು. ಮಾತಿಲ್ಲದ ನಾಲ್ಕು ತಿಂಗಳು ಅಜ್ಜಿ ಎಡಗೈಯಿಂದ ಸಿಕ್ಕವರ ಕೈ ಹಿಡಿದುಕೊಳ್ಳುತ್ತಿದ್ದಳು. ಆಗ ರಾತ್ರಿ ಪಾಳಿ ನನ್ನದಾಗಿತ್ತು. ಹೊಲಸು ಬಳಿಯುವುದನ್ನು ಕಲಿತೆ. ಮೊದಲ ವಾರ ಮೂಗು ಮುಚ್ಚಿಕೊಂಡೆ, ಆಮೇಲೆ ಇಲ್ಲ.

ಅಜ್ಜಿ ಹೋಗಿ ಎರಡು ವರ್ಷ. ಕಳೆದ ತಿಂಗಳು ರೇಷನ್ ಕಾರ್ಡು ಹುಡುಕುವಾಗ ಅವ್ವನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜಿಯ ಗುಳಿಗೆಯ ಹಾಳೆ ಸಿಕ್ಕಿತು. ಇದನ್ನು ಯಾಕೆ ಇಟ್ಟಿದ್ದೀ ಅಂತ ಕೇಳಿದೆ. “ನುಂಗದ್ದೆ ಉಳದದ್ದು ಅಷ್ಟೂ ಅದೆ. ಒಂದಿನ ನೀ ಲೆಕ್ಕ ಕೇಳ್ತೆ ಅಂತ ಗೊತ್ತಿತ್ತು. ಎಣಸ್ಕಾ” ಅಂದಳು.

ಹದಿನೇಳು ಇದ್ದವು.